ಎಫ್‌ಎ ಕಪ್‌ನ ಮೊದಲ ವರ್ಷ: ಹದಿನೈದು ತಂಡಗಳ 1871–72

ಆ ವರ್ಷ ಕಪ್ ಎತ್ತಿದ ತಂಡ ಮೈದಾನದಲ್ಲಿ ಗೆದ್ದದ್ದು ಎರಡೇ ಪಂದ್ಯ. ಸೆಮಿಫೈನಲ್ ಸೇರಿದ್ದ ಇನ್ನೊಂದು ತಂಡ ಆಡಿದ್ದು ಒಂದೇ ಪಂದ್ಯ. ಅದರಲ್ಲಿ ಅದು ಸೋಲಲಿಲ್ಲ, ಆದರೂ ಟೂರ್ನಿಯಿಂದ ಹೊರಬಿತ್ತು. ಶಾಲೆಯೊಂದರ ತಂಡ ಒಮ್ಮೆಯೂ ಚೆಂಡು ಮುಟ್ಟದೆ ಎರಡನೇ ಸುತ್ತಿಗೆ ಏರಿ, ಅಲ್ಲಿಂದಲೂ ಆಡದೆ ಹೊರಗೆ ಹೋಯಿತು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನಡೆಸಿದ ಮೊದಲ ಚಾಲೆಂಜ್ ಕಪ್‌ನ ಸಂಗತಿ ಇದು. ಇಂದು ನಾವು ಎಫ್‌ಎ ಕಪ್ ಎಂದು ಕರೆಯುವ, ರಾಷ್ಟ್ರಮಟ್ಟದ ಫುಟ್‌ಬಾಲ್ ಟೂರ್ನಿಗಳಲ್ಲೇ ಅತ್ಯಂತ ಹಳೆಯದೆಂಬ ಗೌರವ ಪಡೆದ ಸ್ಪರ್ಧೆ ಹೀಗೆ ಎಡವುತ್ತ ಏಳುತ್ತ ಶುರುವಾಯಿತು. ಆ ಋತುವಿನ ಕಥೆಯನ್ನು ಫೈನಲ್ಲಿನ ಒಂದು ಗೋಲಿಗೆ ಇಳಿಸಿ ಹೇಳುವುದು ರೂಢಿ. ನನಗೆ ಕಾಣುವಂತೆ ಅದರ ನಿಜವಾದ ಕಥೆ ಇರುವುದು ಆಟಕ್ಕಿಂತ ಹೆಚ್ಚಾಗಿ ವ್ಯವಸ್ಥೆಯಲ್ಲಿ: ಯಾರು ದಿನಾಂಕ ಗೊತ್ತುಮಾಡಿದರು, ಯಾರು ರೈಲಿನ ಖರ್ಚು ಕೊಟ್ಟರು, ಯಾರಿಗೆ ಅದನ್ನು ಕೊಡಲಾಗಲಿಲ್ಲ ಎಂಬುದರಲ್ಲಿ.

1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಅಸೋಸಿಯೇಷನ್ ಹುಟ್ಟಿದಾಗ ಅದರ ಮುಂದಿದ್ದ ಕೆಲಸ ನಿಯಮ ಬರೆಯುವುದು. ಒಂದೊಂದು ಶಾಲೆಗೆ, ಒಂದೊಂದು ಊರಿಗೆ ಒಂದೊಂದು ಬಗೆಯ ಆಟವಿದ್ದ ಕಾಲ ಅದು. ನಿಯಮ ಬರೆದು ಎಂಟು ವರ್ಷವಾದರೂ ಸದಸ್ಯ ಕ್ಲಬ್ಬುಗಳನ್ನು ಒಟ್ಟಿಗೆ ಕಟ್ಟುವಂಥ ಸ್ಪರ್ಧೆ ಇರಲಿಲ್ಲ. ಕ್ಲಬ್ಬುಗಳು ತಮ್ಮ ತಮ್ಮಲ್ಲೇ ಪತ್ರ ಬರೆದು ಪಂದ್ಯ ಗೊತ್ತುಮಾಡಿಕೊಳ್ಳುತ್ತಿದ್ದವು, ಆಡುತ್ತಿದ್ದವು, ಮರೆಯುತ್ತಿದ್ದವು. ಶೆಫೀಲ್ಡ್‌ನಲ್ಲಿ ಮಾತ್ರ 1867ರಲ್ಲೇ ಯೂಡನ್ ಕಪ್ ಎಂಬ ಸ್ಪರ್ಧೆ ನಡೆದು ಹ್ಯಾಲಂ ತಂಡ ಗೆದ್ದಿತ್ತು. ಆದರೆ ಅದು ಊರೊಳಗಿನ ಸ್ಪರ್ಧೆ. ಆಡಿದ್ದೂ ಶೆಫೀಲ್ಡ್‌ನವರ ಸ್ವಂತ ನಿಯಮದಲ್ಲಿ.

1871ರ ಜುಲೈ 20ರಂದು ‘ದಿ ಸ್ಪೋರ್ಟ್ಸ್‌ಮನ್’ ಪತ್ರಿಕೆಯ ಕಚೇರಿಯಲ್ಲಿ ಅಸೋಸಿಯೇಷನ್ನಿನ ಸಮಿತಿ ಸೇರಿತು. ಕಾರ್ಯದರ್ಶಿ ಚಾರ್ಲ್ಸ್ ವಿಲಿಯಂ ಆಲ್ಕಾಕ್ ಒಂದು ಠರಾವು ಮಂಡಿಸಿದರು: ಅಸೋಸಿಯೇಷನ್ನಿನ ಹೆಸರಿನಲ್ಲಿ ಒಂದು ಚಾಲೆಂಜ್ ಕಪ್ ಇಡಬೇಕು, ಎಲ್ಲ ಸದಸ್ಯ ಕ್ಲಬ್ಬುಗಳನ್ನೂ ಅದಕ್ಕೆ ಕರೆಯಬೇಕು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಉತ್ತರದ ಸಂಡರ್‌ಲ್ಯಾಂಡ್‌ನಲ್ಲಿ ಹುಟ್ಟಿ ಹ್ಯಾರೋ ಶಾಲೆಯಲ್ಲಿ ಓದಿದವರು. ಪತ್ರಕರ್ತರು, ಆಟಗಾರರು, ಜೊತೆಗೆ ವಾಂಡರರ್ಸ್ ಎಂಬ ಕ್ಲಬ್ಬಿನ ನಾಯಕ. ಹ್ಯಾರೋದಲ್ಲಿ ಹಾಸ್ಟೆಲುಗಳ ನಡುವೆ ಪ್ರತಿವರ್ಷ ಪಂದ್ಯಗಳಾಗುತ್ತಿದ್ದವು. ಸೋತ ಹಾಸ್ಟೆಲ್ ಅಲ್ಲಿಗೇ ಹೊರಗೆ, ಕೊನೆಗೆ ಉಳಿದದ್ದು ‘ಕಾಕ್ ಹೌಸ್’. ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬ ಆ ಸರಳ ಏರ್ಪಾಡನ್ನು ಆಲ್ಕಾಕ್ ಶಾಲೆಯ ಅಂಗಳದಿಂದ ಎತ್ತಿ ದೇಶದ ಮಟ್ಟಕ್ಕೆ ತಂದರು. ಅಕ್ಟೋಬರ್ 16ರ ಸಭೆಯಲ್ಲಿ ಸ್ಪರ್ಧೆಯ ನಿಯಮಗಳು ಒಪ್ಪಿಗೆಯಾದವು. ಮಾರ್ಟಿನ್, ಹಾಲ್ ಅಂಡ್ ಕಂಪನಿಯಿಂದ ಸುಮಾರು 20 ಪೌಂಡ್ ಖರ್ಚಿನಲ್ಲಿ ಹದಿನೆಂಟು ಅಂಗುಲ ಎತ್ತರದ ಬೆಳ್ಳಿಯ ಕಪ್ ಮಾಡಿಸಲಾಯಿತು. ಅದರ ಮುಚ್ಚಳದ ಮೇಲೆ ಒಬ್ಬ ಆಟಗಾರನ ಪುಟ್ಟ ಪ್ರತಿಮೆ ಇತ್ತು.

ನಿಯಮಗಳಲ್ಲಿ ಮುಖ್ಯವಾದ ಒಂದನ್ನು ಇಲ್ಲಿ ಹೇಳಲೇಬೇಕು. ಪಂದ್ಯ ಡ್ರಾ ಆದರೆ ಮತ್ತೆ ಆಡಿಸಬಹುದು, ಇಲ್ಲವೇ ಎರಡೂ ತಂಡಗಳನ್ನು ಮುಂದಿನ ಸುತ್ತಿಗೆ ಕಳಿಸಬಹುದು, ತೀರ್ಮಾನ ಸಮಿತಿಯದು. ಇಂದಿನವರಿಗೆ ಇದು ನಾಕೌಟ್ ಎಂಬ ಹೆಸರಿಗೇ ವಿರುದ್ಧವಾಗಿ ಕಾಣಬಹುದು. ಆದರೆ ಆಡುವವರೆಲ್ಲ ಬೇರೆ ಬೇರೆ ಕಸುಬಿನ ಹವ್ಯಾಸಿಗಳು. ಒಂದು ಶನಿವಾರ ಹನ್ನೊಂದು ಜನರನ್ನು ಒಂದೆಡೆ ಕೂಡಿಸುವುದೇ ಕಷ್ಟವಾಗಿದ್ದಾಗ, ಡ್ರಾ ಆದ ಪ್ರತಿ ಪಂದ್ಯವನ್ನೂ ಮತ್ತೆ ಆಡಿಸುತ್ತ ಹೋಗಿದ್ದರೆ ಋತುವೇ ಮುಗಿಯುತ್ತಿರಲಿಲ್ಲ. ಈ ಸಡಿಲ ನಿಯಮದಿಂದಲೇ ಮೊದಲ ವರ್ಷದ ಟೂರ್ನಿ ದಡ ಸೇರಿತು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಅಸೋಸಿಯೇಷನ್ನಿನಲ್ಲಿ ಆಗ ಸುಮಾರು ಐವತ್ತು ಕ್ಲಬ್ಬುಗಳಿದ್ದವು. ಹೆಸರು ಕೊಟ್ಟದ್ದು ಹದಿನೈದು ಮಾತ್ರ. ಬಾರ್ನ್ಸ್, ಸಿವಿಲ್ ಸರ್ವಿಸ್, ಕ್ಲ್ಯಾಪಂ ರೋವರ್ಸ್, ಕ್ರಿಸ್ಟಲ್ ಪ್ಯಾಲೇಸ್, ಅಪ್‌ಟನ್ ಪಾರ್ಕ್, ಹ್ಯಾಂಪ್‌ಸ್ಟೆಡ್ ಹೀದನ್ಸ್, ಹ್ಯಾರೋ ಚೆಕರ್ಸ್, ವಾಂಡರರ್ಸ್ ಇವೆಲ್ಲ ಲಂಡನ್ ಮತ್ತು ಅದರ ಸೆರಗಿನವು. ಮೇಡನ್‌ಹೆಡ್, ಗ್ರೇಟ್ ಮಾರ್ಲೋ, ಹಿಚಿನ್, ರೈಗೇಟ್ ಪ್ರಯರಿ ರಾಜಧಾನಿಗೆ ಅಷ್ಟೇನೂ ದೂರದವಲ್ಲ. ಚ್ಯಾಟಂ ದಂಡಿನಿಂದ ರಾಯಲ್ ಎಂಜಿನಿಯರ್ಸ್. ನಿಜಕ್ಕೂ ದೂರದವು ಎರಡೇ: ಲಿಂಕನ್‌ಷೈರ್‌ನ ಡೊನಿಂಗ್‌ಟನ್ ಶಾಲೆ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಕ್ವೀನ್ಸ್ ಪಾರ್ಕ್. ಶೆಫೀಲ್ಡ್‌ನವರು ಬರಲಿಲ್ಲ.

1871ರ ನವೆಂಬರ್ 11, ಶನಿವಾರ ಮೊದಲ ಸುತ್ತು. ಅಂದು ಬಾರ್ನ್ಸ್ ತಂಡ ಸಿವಿಲ್ ಸರ್ವಿಸ್ ಮೇಲೆ, ಮೇಡನ್‌ಹೆಡ್ ತಂಡ ಮಾರ್ಲೋ ಮೇಲೆ ತಲಾ 2–0ಯಿಂದ ಗೆದ್ದವು. ಅಪ್‌ಟನ್ ಪಾರ್ಕ್ ವಿರುದ್ಧ ಕ್ಲ್ಯಾಪಂ ರೋವರ್ಸ್ 3–0ಯಿಂದ ಗೆದ್ದಿತು. ಅದರ ಜಾರ್ವಿಸ್ ಕೆನ್ರಿಕ್ ಹೊಡೆದದ್ದು ಈ ಟೂರ್ನಿಯ ಚರಿತ್ರೆಯಲ್ಲೇ ಮೊದಲ ಗೋಲು ಎಂದು ದಾಖಲಾಗಿದೆ. ಕ್ರಿಸ್ಟಲ್ ಪ್ಯಾಲೇಸ್ ಮತ್ತು ಹಿಚಿನ್ ಗೋಲಿಲ್ಲದೆ ಸಮನಾದವು, ಎರಡೂ ಮುಂದಕ್ಕೆ ಹೋದವು. ಉಳಿದದ್ದೆಲ್ಲ ಕಾಗದದ ಮೇಲೆ ತೀರ್ಮಾನವಾಯಿತು. ರೈಗೇಟ್ ಹಿಂದೆಗೆದದ್ದರಿಂದ ಎಂಜಿನಿಯರ್ಸ್‌ಗೆ ವಾಕೋವರ್, ಹ್ಯಾರೋ ಚೆಕರ್ಸ್ ಹಿಂದೆಗೆದದ್ದರಿಂದ ವಾಂಡರರ್ಸ್‌ಗೆ ವಾಕೋವರ್, ಹೀದನ್ಸ್‌ಗೆ ಬೈ. ಕ್ವೀನ್ಸ್ ಪಾರ್ಕ್ ಮತ್ತು ಡೊನಿಂಗ್‌ಟನ್ ಶಾಲೆ ಎಲ್ಲಿ, ಯಾವಾಗ ಆಡಬೇಕೆಂದು ಒಮ್ಮತಕ್ಕೆ ಬರಲಾಗದೆ ಎರಡೂ ಎರಡನೇ ಸುತ್ತಿಗೆ ಹೋದವು. ಅಲ್ಲೂ ಅವೇ ಎದುರುಬದುರಾದಾಗ ಶಾಲೆಯವರು ಕೈಬಿಟ್ಟರು. ಡೊನಿಂಗ್‌ಟನ್ ಮತ್ತೆಂದೂ ಕಪ್‌ಗೆ ಬರಲಿಲ್ಲ.

ಎರಡನೇ, ಮೂರನೇ ಸುತ್ತುಗಳಲ್ಲಿ ಹೇಳುವಂಥದ್ದು ಕಡಿಮೆ. ವಾಂಡರರ್ಸ್ ಡಿಸೆಂಬರಿನಲ್ಲಿ ಕ್ಲ್ಯಾಪಂ ತಂಡವನ್ನು ಸೋಲಿಸಿತು. ಫೈನಲ್ಲಿಗೆ ಮುಂಚೆ ಅದು ಗೆದ್ದ ಪಂದ್ಯ ಇದೊಂದೇ. ಜನವರಿ 20ರಂದು ಕ್ರಿಸ್ಟಲ್ ಪ್ಯಾಲೇಸ್ ಜೊತೆ 0–0 ಆಗಿ, ಮತ್ತೆ ಎರಡೂ ಮುಂದಕ್ಕೆ. ಎಂಜಿನಿಯರ್ಸ್ ಹಿಚಿನ್ ಮತ್ತು ಹೀದನ್ಸ್ ತಂಡಗಳನ್ನು ಸಲೀಸಾಗಿ ದಾಟಿತು. ಕ್ವೀನ್ಸ್ ಪಾರ್ಕ್‌ಗೆ ಮೂರನೇ ಸುತ್ತಿನಲ್ಲಿ ಬೈ ಸಿಕ್ಕಿತು. ಹೀಗೆ ನಾಲ್ಕು ತಂಡಗಳು ಸೆಮಿಫೈನಲ್ಲಿಗೆ ಉಳಿದವು.

ಈ ಘಟ್ಟದಲ್ಲಿ ಸ್ವಲ್ಪ ನಿಂತು ಕ್ವೀನ್ಸ್ ಪಾರ್ಕ್‌ನವರನ್ನು ನೋಡಬೇಕು. ಸೆಮಿಫೈನಲ್ ಮತ್ತು ಫೈನಲ್ ಎಲ್ಲವೂ ಲಂಡನ್ನಿನ ಕೆನ್ನಿಂಗ್‌ಟನ್ ಓವಲ್‌ನಲ್ಲಿ. ಅದು ಸರ್ರೆ ಕೌಂಟಿಯ ಕ್ರಿಕೆಟ್ ಮೈದಾನ. ಆಲ್ಕಾಕ್ ಅದೇ ವರ್ಷ ಸರ್ರೆ ಕ್ಲಬ್ಬಿನ ಕಾರ್ಯದರ್ಶಿಯೂ ಆದರು. ಲಂಡನ್ ತಂಡಗಳಿಗೆ ಇದು ಮನೆಯ ಅಂಗಳ. ಗ್ಲಾಸ್ಗೋದಿಂದ ಅಲ್ಲಿಗೆ ನಾನೂರು ಮೈಲಿ. 1867ರಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಸಿರಿವಂತರ ಕ್ಲಬ್ಬಲ್ಲ. ಆದರೂ ಕಪ್ ಮಾಡಿಸಲು ಚಂದಾ ಎತ್ತಿದಾಗ ಅದು ಒಂದು ಗಿನಿ ಕಳಿಸಿತ್ತು. ಗಿನಿ ಎಂದರೆ ಇಪ್ಪತ್ತೊಂದು ಷಿಲಿಂಗ್. 20 ಪೌಂಡಿನ ಆ ಕಪ್‌ನಲ್ಲಿ ಇಪ್ಪತ್ತನೇ ಒಂದು ಪಾಲಿಗಿಂತ ತುಸು ಹೆಚ್ಚೇ ಗ್ಲಾಸ್ಗೋದವರ ದುಡ್ಡು ಎಂದಾಯಿತು. ಈಗ ಲಂಡನ್ನಿಗೆ ಹೋಗಿಬರುವ ಖರ್ಚಿಗೆ ಕ್ಲಬ್ಬಿನ ಹಣ ಸಾಲದೆ ಊರಿನವರು ಚಂದಾ ಹಾಕಿ ಹುಡುಗರನ್ನು ರೈಲು ಹತ್ತಿಸಿದರು.

ಮಾರ್ಚ್ ಮೊದಲ ವಾರದಲ್ಲಿ ವಾಂಡರರ್ಸ್ ಎದುರು ಅವರು ಓವಲ್‌ಗೆ ಇಳಿದರು. ಟೂರ್ನಿಯಲ್ಲಿ ಅವರಿಗೆ ಅದೇ ಮೊದಲ ಪಂದ್ಯ. ಲಂಡನ್ನಿನ ಆಟ ಆಗ ಹೆಚ್ಚಾಗಿ ಡ್ರಿಬಲ್ ಮೇಲೆ ನಿಂತಿತ್ತು: ಚೆಂಡು ಸಿಕ್ಕವನು ಅದನ್ನು ಕಾಲಲ್ಲೇ ಇಟ್ಟುಕೊಂಡು ನುಗ್ಗುವುದು, ಉಳಿದವರು ಅವನ ಬೆನ್ನಿಗೆ ಓಡುವುದು. ಸ್ಕಾಟ್ಲೆಂಡಿನವರು ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುತ್ತ ಆಡಿದರು. ಪಂದ್ಯ 0–0ಯಲ್ಲಿ ಮುಗಿಯಿತು. ಮೊದಲ ಸುತ್ತುಗಳಲ್ಲಿ ಡ್ರಾ ಆದ ಇಬ್ಬರನ್ನೂ ಮುಂದಕ್ಕೆ ಕಳಿಸಬಹುದಿತ್ತು. ಫೈನಲ್ಲಿಗೆ ಮೂರು ತಂಡ ಕಳಿಸಲಾಗದು. ಮರುಪಂದ್ಯ ಆಡಲೇಬೇಕು. ಲಂಡನ್ನಿನಲ್ಲಿ ಉಳಿದುಕೊಳ್ಳಲು ಇಲ್ಲವೇ ಮತ್ತೊಮ್ಮೆ ಬಂದುಹೋಗಲು ಕ್ವೀನ್ಸ್ ಪಾರ್ಕ್ ಬಳಿ ಹಣವಿರಲಿಲ್ಲ. ಅವರು ಹಿಂದೆಗೆದರು. ವಾಂಡರರ್ಸ್ ಫೈನಲ್ ಸೇರಿತು.

ಆ ಋತುವಿನ ಅತ್ಯಂತ ನೋವಿನ ಸಂಗತಿ ನನ್ನ ಪಾಲಿಗೆ ಇದೇ. ಯಾರೂ ಮೋಸ ಮಾಡಲಿಲ್ಲ, ನಿಯಮ ಮುರಿಯಲಿಲ್ಲ. ಸಮಿತಿಯವರು ದೂರದ ತಂಡವೆಂದು ಅವರಿಗೆ ಸೆಮಿಫೈನಲ್‌ವರೆಗೆ ಪ್ರಯಾಣದ ಹೊರೆ ಬೀಳದಂತೆ ನೋಡಿಕೊಂಡಿದ್ದರು. ಆದರೂ ರಾಷ್ಟ್ರಮಟ್ಟದ ಸ್ಪರ್ಧೆಯ ಮೊದಲ ವರ್ಷವೇ ಒಂದು ಒಳ್ಳೆಯ ತಂಡ ಸೋಲದೆ ಮನೆಗೆ ಹೋಯಿತು. ಮರುವರ್ಷವೂ ಹಾಗೇ ಆಯಿತು: 1873ರಲ್ಲಿ ಕ್ವೀನ್ಸ್ ಪಾರ್ಕ್ ನೇರವಾಗಿ ಸೆಮಿಫೈನಲ್ಲಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಎದುರಿಸಬೇಕಿತ್ತು; ಪ್ರಯಾಣದ ಖರ್ಚು ಹೊಂದಿಸಲಾಗದೆ ಆಡುವ ಮೊದಲೇ ಬಿಟ್ಟುಕೊಟ್ಟಿತು. ಅವರ ಆಟ ಮಾತ್ರ ಯಾರ ಕಣ್ಣನ್ನೂ ತಪ್ಪಿಸಿಕೊಳ್ಳಲಿಲ್ಲ. ಓವಲ್‌ನ ಆ ಪಂದ್ಯ ನಡೆದ ವರ್ಷದಲ್ಲೇ, 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಅಧಿಕೃತ ಅಂತಾರಾಷ್ಟ್ರೀಯ ಪಂದ್ಯ ಆಡಿದ ಸ್ಕಾಟ್ಲೆಂಡ್ ತಂಡದ ಹನ್ನೊಂದು ಮಂದಿಯೂ ಕ್ವೀನ್ಸ್ ಪಾರ್ಕ್‌ನವರೇ. ಅದೂ 0–0.

ಇನ್ನೊಂದು ಸೆಮಿಫೈನಲ್ಲಿನಲ್ಲಿ ಎಂಜಿನಿಯರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಫೆಬ್ರವರಿ 17ರಂದು ಸಮಬಲ ಸಾಧಿಸಿ, ಮಾರ್ಚ್ 9ರ ಮರುಪಂದ್ಯದಲ್ಲಿ ಎಂಜಿನಿಯರ್ಸ್ 3–0ಯಿಂದ ಗೆದ್ದಿತು.

ಮರು ಶನಿವಾರ, 1872ರ ಮಾರ್ಚ್ 16ರಂದು ಫೈನಲ್. ಪ್ರವೇಶಕ್ಕೆ ಒಂದು ಷಿಲಿಂಗ್. ಆ ಕಾಲಕ್ಕೆ ಅಗ್ಗದ ದರವಲ್ಲ. ಬಂದ ಜನ ಸುಮಾರು ಎರಡು ಸಾವಿರ. ಅಂದಿನ ಮೈದಾನವನ್ನು ಇಂದಿನವರು ಗುರುತಿಸುವುದೇ ಕಷ್ಟ. ಗೋಲಿಗೆ ಬಲೆಯಿಲ್ಲ, ಎರಡು ಕಂಬಗಳ ನಡುವೆ ಮೇಲೆ ಅಡ್ಡಪಟ್ಟಿಯ ಬದಲು ಒಂದು ಟೇಪು. ಪೆನಾಲ್ಟಿ ಇಲ್ಲ. ಪ್ರತಿ ಗೋಲಿನ ನಂತರ ತಂಡಗಳು ದಿಕ್ಕು ಬದಲಿಸಬೇಕು. ಆಟಗಾರರು ದೂರಿದರೆ ಇಬ್ಬರು ಅಂಪೈರುಗಳು ಹೇಳಬೇಕು. ಅವರಿಬ್ಬರಿಗೆ ಒಮ್ಮತವಾಗದಿದ್ದರೆ ಮಾತ್ರ ರೆಫರಿ. ಅಂದಿನ ರೆಫರಿ ಅಪ್‌ಟನ್ ಪಾರ್ಕ್‌ನ ಆಲ್ಫ್ರೆಡ್ ಸ್ಟೇರ್.

ಜನರ ಲೆಕ್ಕದಲ್ಲಿ ಗೆಲ್ಲುವ ತಂಡ ಎಂಜಿನಿಯರ್ಸ್. ಒಂದೇ ದಂಡಿನಲ್ಲಿ ಒಟ್ಟಿಗೆ ಇರುವವರು, ಒಟ್ಟಿಗೆ ಅಭ್ಯಾಸ ಮಾಡುವವರು; ಲಂಡನ್ ಸುತ್ತಮುತ್ತ ಕೂಡಿ ಆಡುವ ಆಟಕ್ಕೆ ಅವರೇ ಹೆಸರಾಗಿದ್ದರು. ನಾಯಕ ಕ್ಯಾಪ್ಟನ್ ಫ್ರಾನ್ಸಿಸ್ ಮಾರಿಂಡಿನ್, ಮುಂದೆ ಅಸೋಸಿಯೇಷನ್ನಿನ ಅಧ್ಯಕ್ಷರಾದವರು. ವಾಂಡರರ್ಸ್ ಹೆಸರಿಗೆ ತಕ್ಕಂತೆ ಸ್ವಂತ ಮೈದಾನವಿಲ್ಲದ ಕ್ಲಬ್. ದೊಡ್ಡ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಕೂಡಿಸಿ ಕಟ್ಟಿದ್ದು. ಅದರಲ್ಲಿ ಹ್ಯಾರೋದ ಮೇಷ್ಟ್ರು ಎಡ್ವರ್ಡ್ ಬೋವೆನ್ ಇದ್ದರು, ಇನ್ನೂ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದುತ್ತಿದ್ದ ಹದಿನೆಂಟರ ವಾಲ್‌ಪೋಲ್ ವೈಡಲ್ ಇದ್ದ. ಡ್ರಿಬಲ್ ಮಾಡುವುದರಲ್ಲಿ ವೈಡಲ್‌ಗೆ ಸಮನಾದವರು ಆಗ ಇರಲಿಲ್ಲವೆಂದು ಎಲ್ಲರೂ ಒಪ್ಪುತ್ತಿದ್ದರು.

ಟಾಸ್ ಗೆದ್ದ ಆಲ್ಕಾಕ್ ಗಾಳಿ ಮತ್ತು ಬಿಸಿಲು ಎರಡನ್ನೂ ಬೆನ್ನಿಗಿಟ್ಟುಕೊಂಡರು. ಆಟ ಶುರುವಾಗಿ ಹತ್ತೇ ನಿಮಿಷಕ್ಕೆ ಎಂಜಿನಿಯರ್ಸ್‌ನ ಲೆಫ್ಟಿನೆಂಟ್ ಎಡ್ಮಂಡ್ ಕ್ರೆಸ್‌ವೆಲ್ ಬಿದ್ದು ಹೆಗಲಿನ ಕಾಲರ್‌ಬೋನ್ ಮುರಿದುಕೊಂಡರು. ಬದಲಿ ಆಟಗಾರ ಎಂಬ ಮಾತೇ ಇಲ್ಲದ ಕಾಲ. ಅವರು ಹೊರಗೆ ಹೋಗಲಿಲ್ಲ; ಕೊನೆಯವರೆಗೂ ಮೈದಾನದಲ್ಲೇ ನಿಂತರು. ಹದಿನೈದನೇ ನಿಮಿಷದ ಹೊತ್ತಿಗೆ ವೈಡಲ್ ಚೆಂಡನ್ನು ಕಾಲಲ್ಲಿ ಹೊತ್ತು ಎದುರಾಳಿಗಳ ಗುಂಪನ್ನು ಸೀಳಿ ಮುಂದಕ್ಕೆ ಬಂದು ದಾಟಿಸಿದ. ಮಾರ್ಟನ್ ಪೀಟೊ ಬೆಟ್ಸ್ ಅದನ್ನು ಓರೆಯಿಂದ ಗೋಲಿಗೆ ಸೇರಿಸಿದರು. ಅಲ್ಲಿಂದ ದಿಕ್ಕು ಬದಲಾಗಿ ಗಾಳಿ ಎಂಜಿನಿಯರ್ಸ್ ಕಡೆಗೆ ಬಂತು. ಪ್ರಯೋಜನವಾಗಲಿಲ್ಲ. ಆಲ್ಕಾಕ್ ಇನ್ನೊಂದು ಗೋಲು ಹೊಡೆದರೂ, ಅದಕ್ಕೆ ಮುಂಚೆ ತಂಡದ ಚಾರ್ಲ್ಸ್ ವೊಲಾಸ್ಟನ್ ಕೈಗೆ ಚೆಂಡು ತಾಗಿತ್ತೆಂದು ಅದು ಲೆಕ್ಕಕ್ಕೆ ಬರಲಿಲ್ಲ. 1–0. ಕಪ್ ವಾಂಡರರ್ಸ್‌ಗೆ.

ಗೋಲು ಹೊಡೆದವರ ಹೆಸರು ಅಂದಿನ ತಂಡದ ಪಟ್ಟಿಯಲ್ಲಿ ಬೆಟ್ಸ್ ಎಂದಿರಲಿಲ್ಲ, ‘ಎ. ಎಚ್. ಚೆಕರ್’ ಎಂದಿತ್ತು. ಅಂದರೆ ಹ್ಯಾರೋ ಚೆಕರ್ಸ್ ತಂಡದ ಒಬ್ಬ ಸದಸ್ಯ. ಮೊದಲ ಸುತ್ತಿನಲ್ಲಿ ವಾಂಡರರ್ಸ್‌ಗೇ ವಾಕೋವರ್ ಕೊಟ್ಟು ಹಿಂದೆಗೆದ ತಂಡ ಅದು. ಕಪ್‌ನ ಮೊದಲ ಫೈನಲ್ಲಿನ ಏಕೈಕ ಗೋಲು ಒಂದು ಸುಳ್ಳು ಹೆಸರಿನಲ್ಲಿ ದಾಖಲಾಯಿತು.

ಮೈದಾನದಲ್ಲೇ ಕಪ್ ಕೊಡುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ. ಏಪ್ರಿಲ್ 11ರಂದು ಪಾಲ್ ಮಾಲ್ ರೆಸ್ಟೋರೆಂಟಿನಲ್ಲಿ ವಾಂಡರರ್ಸ್‌ನ ವಾರ್ಷಿಕ ಔತಣದಲ್ಲಿ ಅಸೋಸಿಯೇಷನ್ನಿನ ಅಧ್ಯಕ್ಷ ಎಬೆನೀಜರ್ ಮೋರ್ಲಿ ಅದನ್ನು ಆಲ್ಕಾಕ್ ಕೈಗೆ ಕೊಟ್ಟರು. ಕಪ್‌ನ ಕನಸು ಕಂಡವರು, ನಿಯಮ ಬರೆಸಿದವರು, ಗೆದ್ದ ತಂಡದ ನಾಯಕರು ಮೂವರೂ ಒಬ್ಬರೇ. ಪಕ್ಷಪಾತದ ಅನುಮಾನ ಯಾರಿಗಾದರೂ ಬರಬಹುದು. ದಾಖಲೆಗಳನ್ನು ಸಾಲಾಗಿಟ್ಟು ನೋಡಿದಾಗ ನನಗೆ ಅಂಥದ್ದೇನೂ ಕಾಣಲಿಲ್ಲ. ಕಾಣುವುದು ಪತ್ರ ಬರೆದು, ದಿನ ಗೊತ್ತುಮಾಡಿ, ನವೆಂಬರಿನಿಂದ ಮಾರ್ಚಿನವರೆಗೆ ಹಿಡಿದ ಕೆಲಸ ಬಿಡದ ಒಬ್ಬ ಕಾರ್ಯದರ್ಶಿ. 1880ರಲ್ಲಿ ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್ ಕ್ರಿಕೆಟ್ ಪಂದ್ಯವನ್ನು ಇದೇ ಓವಲ್‌ನಲ್ಲಿ ಏರ್ಪಡಿಸಿದವರೂ ಇವರೇ.

ಆ ಕಪ್‌ನ ಮುಂದಿನ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ನಿಯಮದಂತೆ ಗೆದ್ದವರು ಮರುವರ್ಷ ಫೈನಲ್ ಮಾತ್ರ ಆಡಿದರೆ ಸಾಕಿತ್ತು. 1873ರಲ್ಲಿ ವಾಂಡರರ್ಸ್ ಹಾಗೆ ಒಂದೇ ಪಂದ್ಯ ಆಡಿ ಕಪ್ ಉಳಿಸಿಕೊಂಡಿತು. ಆಮೇಲೆ ಆ ರಿಯಾಯಿತಿ ಹೋಯಿತು. ಎಂಜಿನಿಯರ್ಸ್ 1875ರಲ್ಲಿ ಗೆದ್ದು ಆಸೆ ತೀರಿಸಿಕೊಂಡಿತು. 1876ರಿಂದ 1878ರವರೆಗೆ ಸತತ ಮೂರು ಸಲ ಗೆದ್ದ ವಾಂಡರರ್ಸ್‌ಗೆ ಕಪ್ಪನ್ನು ಶಾಶ್ವತವಾಗಿ ಇಟ್ಟುಕೊಳ್ಳುವ ಹಕ್ಕಿತ್ತು. ಇನ್ನು ಮುಂದೆ ಯಾವ ಕ್ಲಬ್ಬೂ ಹಾಗೆ ಇಟ್ಟುಕೊಳ್ಳಬಾರದೆಂಬ ಷರತ್ತಿನ ಮೇಲೆ ಅವರು ಅದನ್ನು ಮರಳಿಸಿದರು. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ಗಿರಣಿ ಊರಿನ ಕಾರ್ಮಿಕರ ತಂಡ ಓಲ್ಡ್ ಎಟೋನಿಯನ್ಸ್ ತಂಡವನ್ನು ಮಣಿಸಿದ ಮೇಲೆ ಕಪ್ ದೊಡ್ಡ ಶಾಲೆಗಳವರ ಕೈಗೆ ಮತ್ತೆ ಸಿಗಲಿಲ್ಲ. ಮೂಲ ಕಪ್ 1895ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಂನ ಅಂಗಡಿಯೊಂದರ ಕಿಟಕಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾಗ ಕಳುವಾಯಿತು. ಗ್ಲಾಸ್ಗೋದವರ ಗಿನಿಯೂ ಸೇರಿದ್ದ ಆ ಬೆಳ್ಳಿ ಇಂದಿಗೂ ಸಿಕ್ಕಿಲ್ಲ.

ನಮ್ಮ ನೆಲಕ್ಕೂ ಆ ಫೈನಲ್ಲಿಗೂ ಒಂದು ತೆಳುವಾದ ಆದರೆ ನಿಜವಾದ ನಂಟಿದೆ. ಎಂಜಿನಿಯರ್ಸ್ ತಂಡದಲ್ಲಿ ಆಡಿದ ಹೆನ್ರಿ ರೆನ್ನಿ-ಟೇಲ್ಯೂರ್ ಹುಟ್ಟಿದ್ದು ಮಸ್ಸೂರಿಯಲ್ಲಿ. ಅದೇ ತಂಡದ ಆಲ್ಫ್ರೆಡ್ ಗುಡ್ವಿನ್ ಮರುವರ್ಷ ಇಂಗ್ಲೆಂಡ್ ಪರ ಆಡಿ, ಭಾರತಕ್ಕೆ ಕೆಲಸಕ್ಕೆ ಬಂದು, 1874ರಲ್ಲಿ ರೂರ್ಕಿಯಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆಗೆ ಅಧಿಕಾರಿಗಳಾಗಿ ಬರುತ್ತಿದ್ದವರೂ ಇದೇ ರಾಯಲ್ ಎಂಜಿನಿಯರ್ಸ್ ದಳದವರು. ನಾಕೌಟ್ ಕಪ್ ಎಂಬ ಏರ್ಪಾಡು ಇಂಥ ದಂಡುಗಳ ಜೊತೆಯಲ್ಲೇ ಭಾರತಕ್ಕೆ ಬಂತು: 1888ರಲ್ಲಿ ಡ್ಯುರಾಂಡ್, 1891ರಲ್ಲಿ ಮುಂಬಯಿಯ ರೋವರ್ಸ್, 1893ರಲ್ಲಿ ಕಲ್ಕತ್ತೆಯ ಐಎಫ್‌ಎ ಶೀಲ್ಡ್. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾದದ್ದು ಬೆಂಗಳೂರು ಮುಸ್ಲಿಮ್ಸ್. ದೇಶದ ಕ್ಲಬ್ಬುಗಳಿಗೆಂದು ಫೆಡರೇಷನ್ ಕಪ್ 1977ರಲ್ಲಿ ಎರ್ನಾಕುಲಂನಲ್ಲಿ ಮೊದಲ ಸಲ ನಡೆದಾಗ ಫೈನಲ್ಲಿನಲ್ಲಿ ಮೋಹನ್ ಬಾಗಾನ್ ತಂಡವನ್ನು 1–0ಯಿಂದ ಸೋಲಿಸಿದ್ದು ನಮ್ಮ ಐಟಿಐ, ದೂರವಾಣಿ ಕಾರ್ಖಾನೆಯ ತಂಡ. ಓವಲ್‌ನಲ್ಲಿ ಆದಂತೆಯೇ ಇಲ್ಲೂ ಮೊದಲ ಕಪ್‌ಗೆ ಒಂದೇ ಗೋಲು ಸಾಕಾಯಿತು. ಕನ್ನಡಿಗ ಫುಟ್‌ಬಾಲ್ ಪ್ರೇಮಿಗಳು 1977 ಎಂಬ ಈ ವರ್ಷವನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಇಂಥ ಬರಹಗಳನ್ನು ಓದುವವರಲ್ಲಿ ಬಹಳಷ್ಟು ಮಂದಿ ಟೂರ್ನಿ ನಡೆಸುವವರು, ಕ್ಲಬ್ ಕಟ್ಟುವವರು. ಕ್ವೀನ್ಸ್ ಪಾರ್ಕ್‌ಗೆ ಆದದ್ದನ್ನು ನೆನೆದು ಅವರಲ್ಲಿ ಒಂದೇ ಕೋರಿಕೆ. ಬಹುಮಾನದ ಕಪ್ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ; ಟೂರ್ನಿಯ ಬಜೆಟ್ ಬರೆಯಲು ಕೂತಾಗ ದೂರದ ತಂಡಗಳ ಪ್ರಯಾಣ ಮತ್ತು ವಸತಿಯ ಖರ್ಚನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಮರುಪಂದ್ಯ ಬಂದರೆ ಅದಕ್ಕೂ ಸೇರಿಸಿ ಬರೆಯಿರಿ.